ಆರು ಡಬ್ಬಿ, ಒಂದೇ ಪಾತ್ರೆ

“ನಗಬೇಡಿ ಅಕ್ಕ. ಇನ್ನು ಎರಡೇ ನಿಮಿಷ.”

ಗೆರೆಯಕ್ಕನ ಬಲಗಣ್ಣಿನ ಅಂಚಿಗೆ ಹಚ್ಚಿದ್ದ ನೀಲಿ ಲೇಪ ಇನ್ನೂ ಗಟ್ಟಿಯಾಗಿರಲಿಲ್ಲ. ಆಕೆ ಆಸ್ಪತ್ರೆಯ ಕಿರಿದಾದ ಮಂಚದ ಮೇಲೆ ಉಸಿರು ಬಿಗಿಹಿಡಿದು ಮಲಗಿದ್ದಳು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ನಾದಿನಿಗೆ ಮಾತ್ರ ಸುಮ್ಮನಿರುವುದು ಹುಟ್ಟಾ ಗೊತ್ತಿಲ್ಲ.

“ಅತ್ತಿಗೆ, ಅಣ್ಣ ಬದುಕಿದ್ದಿದ್ರೆ ಈ ಹುಡುಗಿ ಕಾಲಿಗೆ ಬೀಳೋನು. ಇಪ್ಪತ್ತು ವರ್ಷ ಬಡಕೊಂಡ್ರೂ ಅವನ ಕೈಲಿ ನಿನ್ನ ಬಾಯಿ ಮುಚ್ಚಿಸೋಕಾಗ್ಲಿಲ್ಲ. ಇವಳು ಒಂದು ಚಮಚ ಅಂಟಲ್ಲಿ ಮುಚ್ಚಿಸಿಬಿಟ್ಟಳು ನೋಡು!”

ಕಣ್ಣಂಚು ಅದುರಿತು. ಲೇಪದ ನಡುವೆ ಒಂದು ಬಿರುಕು ಮೂಡಿತು.

“ಹೋಯ್ತು,” ಎಂದಳು ಅಚ್ಚಿನವಳು. ಲೇಪ ಕಿತ್ತು ಬುಟ್ಟಿಗೆ ಹಾಕಿ, ಎರಡು ಕೊಳವೆಗಳಿಂದ ಮತ್ತೆ ಅಷ್ಟಷ್ಟು ಹಿಂಡಿ ಗಾಜಿನ ಮೇಲೆ ಕಲಸತೊಡಗಿದಳು. “ಇದು ಮೂರನೇ ಸಲ. ನಿಮ್ಮನ್ನ ಹೊರಗೆ ಕೂರಿಸ್ತೀನಿ ಈಗ.”

“ಕೂರಿಸು ತಾಯಿ. ಹೊರಗೆ ಫ್ಯಾನಾದ್ರೂ ಇದೆ,” ಎಂದಳು ನಾದಿನಿ. ಎದ್ದೇಳಲಿಲ್ಲ.

ರಸ್ತೆ ಕೆಲಸದ ಹೆಂಗಸರು ಲೇಪ ಹಚ್ಚುವ ಆ ಹುಡುಗಿಗೆ ಇಟ್ಟ ಹೆಸರೇ ಅಚ್ಚಿನವಳು. ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಅವಳ ಕೆಲಸ ಇದೊಂದೇ: ಕಣ್ಣಿನ ಅಂಚಿಗೂ ಗಲ್ಲದ ಕೆಳಗೂ ಲೇಪ ಹಚ್ಚಿ, ನಾಲ್ಕು ನಿಮಿಷ ಕಾದು, ಕಿತ್ತು ತೆಗೆಯುವುದು. ಹಿಂಬದಿಯಲ್ಲಿ ಚರ್ಮ ತಲೆಕೆಳಗಾಗಿ ಮೂಡಿರುತ್ತದೆ. ಮುಖದ ಮೇಲಿನ ತಗ್ಗು ಅಲ್ಲಿ ದಿಣ್ಣೆ. ಅದನ್ನು ನಾಣ್ಯದಷ್ಟು ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಟ್ಟು, ಬದಿಯಿಂದ ತಗ್ಗಾಗಿ ಬೆಳಕು ಹಾಯಿಸಿದರೆ ದಿಣ್ಣೆಗಳ ನೆರಳು ಬೀಳುತ್ತದೆ. ನೆರಳಿನ ಉದ್ದದಿಂದ ಸುಕ್ಕಿನ ಆಳ ಎಷ್ಟೆಂದು ಕಂಪ್ಯೂಟರ್ ಹೇಳುತ್ತದೆ. ಮನುಷ್ಯರ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೆ ದೂರದಿಂದ ನೋಡುವುದು ಅವಳಿಗೆ ಕಷ್ಟವಾಗತೊಡಗಿತ್ತು. ಬಸ್ಸಿನಲ್ಲಿ ಎದುರಿಗೆ ಕೂತವರಲ್ಲಿ ಕಿಟಕಿ ಬದಿಯ ಬಿಸಿಲಿಗೆ ಹೆಚ್ಚು ಸುಕ್ಕಾದ ಕೆನ್ನೆ ಯಾವುದು ಎಂದು ಹುಡುಕುತ್ತಿದ್ದಳು.

ಬಿಸಿಲಲ್ಲಿ ದುಡಿಯುವ ಅರವತ್ತು ಜನ ಈ ಅಧ್ಯಯನದಲ್ಲಿದ್ದರು. ಒಬ್ಬೊಬ್ಬರಿಗೂ ಸಂಖ್ಯೆ ಬರೆದ ಒಂದು ಡಬ್ಬಿ, ಡಬ್ಬಿಯಲ್ಲಿ ಪೊಟ್ಟಣಗಳು, ದಿನಕ್ಕೊಂದರಂತೆ ಆರು ತಿಂಗಳು. ಅರ್ಧ ಡಬ್ಬಿಗಳಲ್ಲಿ ದಾಳಿಂಬೆ ಸಿಪ್ಪೆಯ ಪುಡಿ. ಉಳಿದರ್ಧದಲ್ಲಿ ಅದೇ ಬಣ್ಣ, ಅದೇ ಒಗರು ಕೊಟ್ಟ ಬರೀ ಹಿಟ್ಟು. ಯಾವ ಡಬ್ಬಿಯಲ್ಲಿ ಯಾವುದಿದೆ ಎಂದು ತಿನ್ನುವವರಿಗೂ ಗೊತ್ತಿಲ್ಲ, ಅಳೆಯುವ ಅವಳಿಗೂ ಗೊತ್ತಿಲ್ಲ. ಪಟ್ಟಿ ಡಾಕ್ಟರ ಬೀರುವಿನಲ್ಲಿತ್ತು. ಬಿಸಿಲು ಹೊರಗಿನಿಂದ ಕೆಡಿಸಿದ ಚರ್ಮಕ್ಕೆ ಹೊಟ್ಟೆಯೊಳಗಿನಿಂದ ಏನಾದರೂ ನೆರವು ಹೋಗುತ್ತದೆಯೇ ಎನ್ನುವುದು ಪ್ರಶ್ನೆ.

ಈ ಸಲ ನಾದಿನಿ ಬಾಯಿಗೆ ಸೆರಗು ತುರುಕಿಕೊಂಡಳು. ಅಚ್ಚು ಚೆನ್ನಾಗಿ ಬಂತು.

ಗೆರೆಯಕ್ಕ ರಸ್ತೆಯ ಮೇಲೆ ಬಿಳಿ ಗೆರೆ ಹಾಕುವ ಆರು ಜನರ ತಂಡದ ಹಿರಿಯಳು. ಅವಳಿಗೆ ನಲವತ್ತೇಳು. ಬಸ್ಸಿನಲ್ಲಿ ಅರವತ್ತು ದಾಟಿದವರು ಎದ್ದು ಅವಳಿಗೆ ಜಾಗ ಬಿಡುತ್ತಾರೆ. ಮೊದಲ ತಿಂಗಳು ಅವಳ ಗಲ್ಲದ ಕೆಳಗಿನ ಅಚ್ಚು ನೋಡಿದಾಗ ಚೀಟಿ ಅದಲುಬದಲಾಗಿದೆ ಎಂದೇ ಅಚ್ಚಿನವಳು ತಿಳಿದಿದ್ದಳು. ಯಾರ ಮುಖದಲ್ಲೂ ಆ ಜಾಗ ನೆರಳಿನಲ್ಲಿರುತ್ತದೆ, ಎಳೆಯದಾಗಿರುತ್ತದೆ. ಇವಳದ್ದು ಹಾಗಿರಲಿಲ್ಲ. ಹಸಿ ಬಿಳಿ ಬಣ್ಣವೂ ಅದರ ಮೇಲೆ ಎರಚುವ ಗಾಜಿನ ಪುಡಿಮಣಿಯೂ ಬಿಸಿಲನ್ನು ಹಿಂದಕ್ಕೆ ಎಸೆಯುತ್ತವೆ. ಗೆರೆ ನೇರ ಬರಲೆಂದು ಇಪ್ಪತ್ತಾರು ವರ್ಷ ಬಗ್ಗಿ ದಾರ ಹಿಡಿದವಳಿಗೆ ಬಿಸಿಲು ಕೆಳಗಿನಿಂದ ಬಡಿದಿತ್ತು. ಟೋಪಿ ಹಾಕಿ ಎಂದು ಡಾಕ್ಟರು ಹೇಳಿದಾಗ ಅವಳು, “ಎಲ್ಲಿಗೆ ಹಾಕ್ಲಿ, ಗಲ್ಲಕ್ಕಾ?” ಎಂದು ಕೇಳಿದ್ದಳು.

“ಹೇಳು ತಾಯಿ,” ಎಂದಳು ಈಗ, ಎದ್ದು ಕೂತು ಕೆನ್ನೆ ಒರೆಸಿಕೊಳ್ಳುತ್ತ. “ಎಷ್ಟು ವರ್ಷ ಇಳೀತು?”

“ವರ್ಷ ಅಳೆಯೋಕಾಗಲ್ಲ ಅಕ್ಕ. ಆಳ ಅಳೀತೀವಿ.”

“ಆಳ ಎಷ್ಟಿಳೀತು?”

ತೋರಿಸಬಾರದಿತ್ತು. ಆದರೂ ಅಚ್ಚಿನವಳು ಮೊದಲ ತಿಂಗಳ ಅಚ್ಚನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟು ದೀಪ ಹಾಕಿದಳು. ಗೆರೆಯಕ್ಕ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಬಹಳ ಹೊತ್ತು ನೋಡಿದಳು. ನೆರಳುಗಳು ಮೊದಲಿಗಿಂತ ಮೋಟಾಗಿದ್ದವು. ಎಂಟರಲ್ಲಿ ಒಂದು ಪಾಲಿನಷ್ಟು.

“ಇದು ಮೇಸ್ತ್ರಿಗೆ ಕಾಣುತ್ತಾ?”

ನಾದಿನಿ ನಡುವೆ ಬಾಯಿ ಹಾಕಿದಳು: “ಅಷ್ಟು ಹತ್ತಿರ ಬಂದ್ರೆ ಅವನ ಕಪಾಳಕ್ಕೆ ನಾನೇ ಕೊಡ್ತೀನಿ.”

ಈ ಸಲ ಯಾರೂ ನಗಲಿಲ್ಲ. ಮೇಸ್ತ್ರಿಯ ವಿಷಯ ಆರು ತಿಂಗಳಿಂದ ಆ ಕೋಣೆಯಲ್ಲಿ ಓಡಾಡುತ್ತಿತ್ತು. ವರ್ಷಕ್ಕೊಮ್ಮೆ ಹೊಸ ಗುತ್ತಿಗೆಯ ಕೆಲಸ ಶುರುವಾಗುವ ಮುಂಚೆ ಕಾಂಟ್ರಾಕ್ಟರ್ ಕಡೆಯ ಮೇಸ್ತ್ರಿ ಬಣ್ಣದ ಪೀಪಾಯಿಗಳಿರುವ ಅಂಗಳಕ್ಕೆ ಬರುತ್ತಾನೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾನೆ. ವಯಸ್ಸು ಕೇಳುವುದಿಲ್ಲ, ಕಾಗದ ನೋಡುವುದಿಲ್ಲ. ಮುಖ ನೋಡುತ್ತ ನಡೆದು ಹೋಗುತ್ತಾನೆ. ಕಳೆದ ವರ್ಷ ದೊಡ್ಡಮ್ಮನ ಮುಂದೆ ನಿಂತು, “ಅಜ್ಜಿ, ಸಾಕು, ಮನೇಲಿರು,” ಎಂದ. ದೊಡ್ಡಮ್ಮನಿಗೆ ಐವತ್ತೊಂದು. ಎರಡು ಕೈಯಲ್ಲಿ ಎರಡು ಬಕೆಟ್ ಬಣ್ಣ ಎತ್ತುತ್ತಿದ್ದವಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಮುಂದಿನವಳ ಮುಖ ನೋಡುತ್ತಿದ್ದ. ಅದಾದ ಐದಾರು ತಿಂಗಳಿಗೆ ಆಸ್ಪತ್ರೆಯವರು ಬಿಸಿಲಲ್ಲಿ ದುಡಿಯುವವರು ಬೇಕೆಂದು ಕೇಳಿಕೊಂಡು ಬಂದಾಗ ಆರು ಜನವೂ ಒಟ್ಟಿಗೇ ಹೆಬ್ಬೆಟ್ಟು, ಸಹಿ ಹಾಕಿದ್ದರು. ಗೆರೆಯಕ್ಕ ಸಹಿ ಹಾಕಿದವಳು.

ಮೇಸ್ತ್ರಿ ಬರುವುದು ಇನ್ನು ಹತ್ತು ದಿನಕ್ಕೆ, ಸೋಮವಾರ.

*

ನಾಲ್ಕು ದಿನ ಕಳೆದ ಮೇಲೆ ಡಾಕ್ಟರು ಅಚ್ಚಿನವಳನ್ನು ಕೋಣೆಗೆ ಕರೆದರು. ಕಿಟಕಿಯ ಪರದೆ ಎಂದಿನಂತೆ ಪೂರ್ತಿ ಇಳಿದಿತ್ತು. ಮೇಜಿನ ಮೇಲೆ ಪಟ್ಟಿ ಬಿಚ್ಚಿಟ್ಟಿತ್ತು.

“ಕೂತ್ಕೋ. ನಾಲ್ಕನೇ ಡಬ್ಬಿ ಯಾರದು?”

“ರಸ್ತೆ ತಂಡದ್ದು ಸರ್. ಗೆರೆಯಕ್ಕ.”

“ಆ ಡಬ್ಬಿಯಲ್ಲಿ ಇದ್ದದ್ದು ಬರೀ ಹಿಟ್ಟು.”

ಅವಳಿಗೆ ಅಚ್ಚಿನ ಮೋಟು ನೆರಳುಗಳು ಕಣ್ಣಿಗೆ ಕಟ್ಟಿದವು. “ಆದ್ರೆ ಸುಕ್ಕು ತಗ್ಗಿದೆಯಲ್ಲ.”

“ಅದಕ್ಕೇ ಕರೆದಿದ್ದು.” ಡಾಕ್ಟರು ಕನ್ನಡಕ ತೆಗೆದು ಇಟ್ಟರು. ಸಿಟ್ಟಾದಾಗ ಅವರ ದನಿ ತಗ್ಗುತ್ತಿತ್ತು. ಈಗ ತುಂಬ ತಗ್ಗಿತ್ತು. “ಪುಡಿ ತಿಂದ ಕೂಡಲೇ ಚರ್ಮಕ್ಕೆ ಹೋಗಿ ಕೂರಲ್ಲ, ನಿನಗೆ ಗೊತ್ತು. ಕರುಳಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ಒಡೀಬೇಕು, ಒಡೆದು ಬೇರೆಯದೇ ಒಂದು ಚಿಕ್ಕ ವಸ್ತು ಮಾಡಬೇಕು. ರಕ್ತಕ್ಕೆ ಸೇರೋದು ಅದು. ಎಲ್ಲರ ಹೊಟ್ಟೇಲೂ ಆ ಕೆಲಸಗಾರರು ಇರೋದಿಲ್ಲ. ನಾಲ್ಕನೆಯವಳ ಮೂತ್ರದಲ್ಲಿ ಆ ವಸ್ತು ತುಂಬಿಕೊಂಡಿದೆ. ಅವಳ ತಂಡದ ಮಿಕ್ಕ ಐದು ಜನರಲ್ಲಿ ಅದು ಇಲ್ಲವೇ ಇಲ್ಲ. ಆದರೆ ಒಡೆಯದ ಪುಡಿ ಐದೂ ಜನರ ಮಲದಲ್ಲಿ ಸಿಕ್ಕಿದೆ. ಹಿಟ್ಟಿನ ಡಬ್ಬಿ ಪಡೆದವರಲ್ಲೂ.”

ಪರದೆಯ ಅಂಚಿನಿಂದ ಬಂದ ಒಂದು ಎಳೆ ಬೆಳಕು ಅವಳ ಮಂಡಿಯ ಮೇಲೆ ಬಿದ್ದಿತ್ತು.

“ಡಬ್ಬಿ ಹಂಚಿದ್ದು ಯಾರು?”

“ನಾನೇ ಸರ್.”

“ಸಂಖ್ಯೆ ನೋಡಿ ಕೊಟ್ಟೆಯಾ?”

“ನೋಡಿ ಕೊಟ್ಟೆ.” ಹೇಳಿದ ಮೇಲೆ ಅವಳಿಗೇ ಅನುಮಾನ ಬಂತು. ನೋಡಿದೆನೆ? ಆ ಬೆಳಿಗ್ಗೆ ಆರು ಜನ ಒಟ್ಟಿಗೆ ಬಂದಿದ್ದರು. ನಾದಿನಿ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಅಚ್ಚಿನವಳೂ ನಕ್ಕಿದ್ದಳು. ನಗುತ್ತ ಕೊಟ್ಟ ಡಬ್ಬಿಗಳು.

*

ಮರುದಿನ ಮಧ್ಯಾಹ್ನ ಅವಳು ರಸ್ತೆಗೆ ಹೋದಳು.

ಒಂದು ಬದಿಯ ಸಂಚಾರ ತಡೆದು ಕೇಸರಿ ಶಂಕುಗಳನ್ನು ಸಾಲಾಗಿ ಇಟ್ಟಿದ್ದರು. ಹಂಡೆಯೊಳಗೆ ಬಿಳಿ ಬಣ್ಣ ಗಂಜಿಯಂತೆ ಕೊತಕೊತ ಕುದಿಯುತ್ತಿತ್ತು. ಮುಂದೆ ಗೆರೆಯಕ್ಕ ಸುಣ್ಣದ ಪುಡಿ ಮೆತ್ತಿದ ದಾರವನ್ನು ನೆಲಕ್ಕೆ ಎಳೆದು ಹಿಡಿದಿದ್ದಳು. ಇನ್ನೊಂದು ತುದಿಯಲ್ಲಿ ನಾದಿನಿ. ಗೆರೆಯಕ್ಕ ನಡುವೆ ಎತ್ತಿ ಬಿಟ್ಟಳು. ದಾರ ಪಟ್ಟೆಂದಿತು, ನೆಲದ ಮೇಲೆ ಕೂದಲೆಳೆಯಷ್ಟು ಗುರುತು ಉಳಿಯಿತು. ಬಣ್ಣದ ಪೆಟ್ಟಿಗೆ ಅದರ ಮೇಲೆ ಹಾದು ಬಂತು. ನಾದಿನಿ ದಾರ ಬಿಟ್ಟು ತೂತು ಡಬ್ಬಿ ಹಿಡಿದು, ಹಸಿ ಗೆರೆಯ ಮೇಲೆ ಗಾಜಿನ ಮಣಿ ಉದುರಿಸುತ್ತ ಬಂದಳು. ಅಚ್ಚಿನವಳು ಕಣ್ಣು ಕಿರಿದು ಮಾಡಿಕೊಂಡಳು. ನೆಲದಿಂದ ಎದ್ದ ಬೆಳಕು ಮೂಗಿನ ಹೊಳ್ಳೆಯೊಳಗೂ ಬಿಸಿಯಾಗಿ ನುಗ್ಗಿತು.

“ಓಹೋ, ಅಚ್ಚಿನವಳು! ರಸ್ತೆಗೂ ಲೇಪ ಹಚ್ಚೋಕೆ ಬಂದ್ಯಾ?” ನಾದಿನಿ ಕೂಗಿದಳು. “ಬಾ ಬಾ, ಊಟದ ಹೊತ್ತು.”

ಲಾರಿಯ ನೆರಳಿನಲ್ಲಿ ಗ್ಯಾಸ್ ಒಲೆಯ ಮೇಲೆ ಒಂದು ದೊಡ್ಡ ಪಾತ್ರೆ ಗಂಜಿ ಕುದಿಯುತ್ತಿತ್ತು. ಒಬ್ಬೊಬ್ಬರೂ ಬಂದು ತಮ್ಮ ಗಂಟು ಬಿಚ್ಚಿದರು. ಒಬ್ಬಳು ಒಂದು ಹಿಡಿ ಕಾಳು ಹಾಕಿದಳು, ಇನ್ನೊಬ್ಬಳು ಎರಡು ಈರುಳ್ಳಿ, ಮತ್ತೊಬ್ಬಳು ಬಾಡಿದ ಸೊಪ್ಪು. ಒಬ್ಬಳು ಬರಿಗೈಯಲ್ಲಿ ಬಂದು ಸೌಟು ಹಿಡಿದು ತಿರುವಿದಳು. ಯಾರೂ ಯಾರ ಕೈಯನ್ನೂ ನೋಡಲಿಲ್ಲ. ಆಮೇಲೆ ಆರು ಜನರೂ ಸೆರಗಿನ ತುದಿಯಿಂದ, ಚೀಲದಿಂದ, ರವಿಕೆಯಿಂದ ಒಂದೊಂದು ಪೊಟ್ಟಣ ತೆಗೆದರು. ಆರನ್ನೂ ಗೆರೆಯಕ್ಕನ ಕೈಗೆ ಕೊಟ್ಟರು. ಅವಳು ಒಟ್ಟಿಗೆ ಹಿಡಿದು, ಒಟ್ಟಿಗೆ ಹರಿದು, ಪಾತ್ರೆಗೆ ಸುರಿದಳು. ಗಂಜಿ ಕಂದುಗೆಂಪಾಯಿತು.

“ಅಕ್ಕ!” ಅಚ್ಚಿನವಳ ದನಿ ಅವಳಿಗೇ ಕೀರಲಾಗಿ ಕೇಳಿತು. “ಏನ್ ಮಾಡ್ತಿದ್ದೀರ?”

“ಅಡುಗೆ.”

“ದಿನಾ ಹೀಗೇನಾ?”

“ದಿನಾ ಉಣ್ಣಬೇಕಲ್ಲ.”

“ನಾನು ಓದಿ ಹೇಳಿದ್ದೆನಲ್ಲ! ಅವರವರ ಡಬ್ಬಿ ಅವರವರೇ ತಿನ್ನಬೇಕು ಅಂತ. ಕೆಲವು ಡಬ್ಬೀಲಿ ನಿಜವಾದ ಪುಡಿ, ಕೆಲವಲ್ಲಿ ಬರೀ ಹಿಟ್ಟು, ಯಾರದ್ದು ಯಾವುದು ಅಂತ ಯಾರಿಗೂ ಗೊತ್ತಿರಲ್ಲ ಅಂತ.”

“ಹೇಳಿದ್ದೆ,” ಗೆರೆಯಕ್ಕ ಒಪ್ಪಿಕೊಂಡಳು. “ಚೆನ್ನಾಗೇ ಹೇಳಿದ್ದೆ. ಅದಕ್ಕೇ ತಾನೇ ನಾವು ಒಟ್ಟಿಗೆ ಹಾಕಿದ್ದು. ಮೂರು ಜನಕ್ಕೆ ಸಿಕ್ಕಿ ಮೂರು ಜನಕ್ಕೆ ಸಿಗದೆ ಹೋದ್ರೆ? ಕಲಸಿಬಿಟ್ರೆ ಎಲ್ಲರಿಗೂ ಅರ್ಧರ್ಧನಾದ್ರೂ ಸಿಗುತ್ತೆ. ಲೆಕ್ಕ ತಪ್ಪಾ?”

ಲೆಕ್ಕ ತಪ್ಪಿರಲಿಲ್ಲ. ಅಚ್ಚಿನವಳು ಲಾರಿಯ ಚಕ್ರಕ್ಕೆ ಒರಗಿ ಕುಳಿತಳು. ತಾನು ಡಬ್ಬಿ ಅದಲುಬದಲು ಮಾಡಿಲ್ಲ ಎನ್ನುವ ಸಮಾಧಾನ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

“ತಿಂಗಳು ತಿಂಗಳು ಕೇಳಿದ್ನಲ್ಲ ಅಕ್ಕ, ದಿನಾ ತಿಂದ್ರಾ ಅಂತ.”

“ತಿಂದ್ವಿ ಅಂದ್ವಿ. ಸುಳ್ಳಾ? ಒಂದು ದಿನ ಬಿಟ್ಟಿಲ್ಲ. ಹೇಗೆ ತಿಂದ್ರಿ ಅಂತ ನೀನು ಕೇಳಿದ್ದಿದ್ರೆ ಅದನ್ನೂ ಹೇಳ್ತಿದ್ವಿ. ಕದ್ದು ಮಾಡಿದ್ದೇನಲ್ಲ.”

“ಪುಡಿನಾದ್ರೂ ಬೇರೆ ನೀರಲ್ಲಿ ಕಲಸ್ಕೊಂಡು ಕುಡೀಬಹುದಿತ್ತು.”

ಗೆರೆಯಕ್ಕ ಸೌಟು ಕೆಳಗಿಟ್ಟಳು. ನಾದಿನಿಯ ಕಡೆ ನೋಡಿ ಗಲ್ಲ ಎತ್ತಿದಳು. ನಾದಿನಿ ಸೀರೆಯ ಮೇಲೆ ತೊಟ್ಟಿದ್ದ ಅಂಗಿಯ ಬಲತೋಳನ್ನು ಮೇಲಕ್ಕೆ ಮಡಚಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಹೊಳೆಯುತ್ತಿತ್ತು, ಒಂದೂ ಗೆರೆಯಿಲ್ಲದೆ.

“ಇದರದ್ದೂ ಒಂದು ಅಚ್ಚು ತೆಗಿ ಬೇಕಾದ್ರೆ,” ಎಂದಳು. “ಸುಕ್ಕೇ ಇಲ್ಲ ನೋಡು. ಬಿಸಿಲಿಗಾಗಿದ್ದಲ್ಲ, ಹಂಡೇದು.”

“ಹನ್ನೆರಡು ವರ್ಷ ಆಯ್ತು,” ಎಂದಳು ಗೆರೆಯಕ್ಕ. “ಆಗ ಅವರವರ ಬುತ್ತಿ ಅವರವರೇ ಬಿಚ್ಚಿ ಉಣ್ಣೋರು. ಇವಳ ಗಂಡ ಬಿಟ್ಟು ಹೋಗಿದ್ದ ವರ್ಷ. ಬುತ್ತಿ ಬಿಚ್ಚೋ ಹೊತ್ತಿಗೆ ಇವಳು ಲಾರಿ ಹಿಂದೆ ಹೋಗೋಳು. ಉಂಡಾಯ್ತು ಅನ್ನೋಳು, ಬಾಯಿ ಒರೆಸ್ಕೊಂಡು ಬರೋಳು. ಖಾಲಿ ಡಬ್ಬಿ. ಎಷ್ಟು ದಿನ ಹಾಗೆ ಮಾಡಿದ್ಲೋ. ಒಂದಿನ ಮಧ್ಯಾಹ್ನ ಕಣ್ಣು ಕತ್ತಲೆ ಬಂದು ಹಂಡೆ ಮೇಲೆ ಬಿದ್ಲು.”

“ಹಂಡೆ ಮೇಲೆ ಅಲ್ಲ, ಹಂಡೆ ಪಕ್ಕ. ಕೈ ಮಾತ್ರ ಒಳಗೆ ಹೋಯ್ತು,” ನಾದಿನಿ ತಿದ್ದಿದಳು. “ಪೂರ್ತಿ ಬಿದ್ದಿದ್ರೆ ರಸ್ತೆ ಮೇಲೆ ಗೆರೆ ಆಗಿರ್ತಿದ್ದೆ.”

“ಸುಮ್ನಿರೇ.” ಗೆರೆಯಕ್ಕ ಅಚ್ಚಿನವಳ ಕಡೆ ತಿರುಗಿದಳು. “ನನ್ನ ಗಂಡನ ತಂಗಿ. ದಾರದ ಒಂದು ತುದಿ ನಾನು, ಇನ್ನೊಂದು ತುದಿ ಅವಳು. ದಿನಾ ಮುಖಕ್ಕೆ ಮುಖ ಕೊಟ್ಟು ನಿಂತಿರ್ತಿದ್ದೆ. ನಂಗೆ ಗೊತ್ತಾಗ್ಲಿಲ್ಲ.”

ಗಂಜಿ ಉಕ್ಕಿ ಒಲೆಯ ಮೇಲೆ ಚೊಂಯ್ ಎಂದಿತು. ಯಾರೋ ಉರಿ ತಗ್ಗಿಸಿದರು. ಅಚ್ಚಿನವಳಿಗೂ ಒಂದು ತಟ್ಟೆ ಬಂತು. ಒಗರಿಗೆ ನಾಲಿಗೆ ದಪ್ಪವಾಯಿತು. ಆದರೂ ಪೂರ್ತಿ ಉಂಡಳು.

“ಡಾಕ್ಟರಿಗೆ ನಾನು ಹೇಳಲೇಬೇಕು ಅಕ್ಕ.”

“ಹೇಳು. ನಿನ್ನ ಕೆಲಸ ಅಲ್ವಾ?”

*

ಡಾಕ್ಟರು ಮೊದಲು ನಕ್ಕರು. ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಕೊನೆಗೆ ಪೆನ್ನು ತೆಗೆದು ಆರು ಸಂಖ್ಯೆಗಳ ಮೇಲೆ ಒಂದೊಂದಾಗಿ ಗೀಟು ಎಳೆಯತೊಡಗಿದರು. ನಾಲ್ಕನೆಯದರ ಮುಂದೆ ಪೆನ್ನು ನಿಂತಿತು.

“ಅರ್ಧ ಪ್ರಮಾಣದಲ್ಲೇ ಇಷ್ಟು ತಗ್ಗಿದೆ. ಒಬ್ಬಳಿಂದ ಏನನ್ನೂ ಸಾಬೀತು ಮಾಡೋಕಾಗಲ್ಲ, ಬೇರೆ ಕಾರಣವೂ ಇರಬಹುದು. ಆದರೆ ಇಂಥ ಕರುಳು ನಮಗೆ ಮತ್ತೆ ಯಾವಾಗ ಸಿಗುತ್ತೆ?” ಅವರು ತುಸು ಯೋಚಿಸಿದರು. “ಆ ಮೇಸ್ತ್ರಿ ಯಾವತ್ತು ಬರ್ತಾನೆ ಅಂದೆ?”

ಶನಿವಾರ ಬೆಳಿಗ್ಗೆ ಡಾಕ್ಟರು ತಾವೇ ಅಂಗಳಕ್ಕೆ ಬಂದರು. ಜೊತೆಗೆ ಅಚ್ಚಿನವಳು. ವರ್ಷಗಳಿಂದ ತೊಟ್ಟಿಕ್ಕಿದ ಬಣ್ಣ ಸಿಮೆಂಟ್ ನೆಲದ ಮೇಲೆ ಹೆಪ್ಪುಗಟ್ಟಿ ಗಂಟುಗಂಟಾಗಿತ್ತು. ಆರು ಜನರೂ ಪೀಪಾಯಿಗಳ ಮೇಲೆ ಕೂತು ದಾರಗಳ ಸಿಕ್ಕು ಬಿಡಿಸುತ್ತಿದ್ದರು. ಡಾಕ್ಟರು ನೆರಳು ಹುಡುಕಿದರು, ಸಿಗಲಿಲ್ಲ. ಬಿಸಿಲಲ್ಲೇ ನಿಂತು ಮಾತಾಡಿದರು. ಅವರು ಬೈಯಲಿಲ್ಲ. ತಪ್ಪು ತಮ್ಮದೆಂದೇ ಹೇಳಿದರು, ಊಟ ಹೇಗೆ ಮಾಡುತ್ತೀರಿ ಎಂದು ಮೊದಲೇ ಕೇಳಬೇಕಿತ್ತು ಎಂದರು. ಆಮೇಲೆ ಗೆರೆಯಕ್ಕನಿಗೆ ಕರುಳಿನ ವಿಷಯ ವಿವರಿಸಿದರು.

“ಅಂದ್ರೆ ನನ್ನ ಹೊಟ್ಟೆ ಮಾತ್ರ ಕೆಲಸ ಮಾಡುತ್ತೆ, ಇವರದ್ದು ಸೋಮಾರಿ?” ಎಂದಳು ಗೆರೆಯಕ್ಕ.

“ಹಾಗೇ ಅಂದ್ಕೊಳ್ಳಿ. ಯಾಕೆ ಅಂತ ನಮಗೂ ಗೊತ್ತಿಲ್ಲ.”

“ನೋಡಿದ್ರೇನೇ?” ಅವಳು ನಾದಿನಿಯ ಬೆನ್ನಿಗೆ ಗುದ್ದಿದಳು. ಆರು ತಿಂಗಳಲ್ಲಿ ಅವಳು ಹೀಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ಅಚ್ಚಿನವಳು ನೋಡಿರಲಿಲ್ಲ.

ಡಾಕ್ಟರು ಲಕೋಟೆಯಿಂದ ಒಂದು ಕಾಗದ ತೆಗೆದರು. ಆಸ್ಪತ್ರೆಯ ಮೊಹರಿತ್ತು. ಈಕೆ ಒಂದು ವರ್ಷ ಈ ಅಧ್ಯಯನದಲ್ಲಿರುತ್ತಾಳೆ, ಈಕೆಗೆ ನಲವತ್ತೇಳು ವರ್ಷ, ದೇಹ ಗಟ್ಟಿಯಿದೆ, ಅಧ್ಯಯನ ಮುಗಿಯುವವರೆಗೆ ಈಕೆಯನ್ನು ಇದೇ ಕೆಲಸದಲ್ಲಿ ಮುಂದುವರಿಸಬೇಕು ಎಂದು ಬರೆದಿತ್ತು. ಕಾಂಟ್ರಾಕ್ಟರ್ ಜೊತೆ ಫೋನಿನಲ್ಲಿ ಮಾತಾಡಿ ಒಪ್ಪಿಸಿಯೂ ಆಗಿತ್ತು.

“ಸೋಮವಾರ ಮೇಸ್ತ್ರಿ ನಿಮ್ಮ ಮುಖ ನೋಡಬೇಕಾಗಿಲ್ಲ. ಇದನ್ನ ನೋಡಿದರೆ ಸಾಕು,” ಎಂದರು. “ಪುಡಿ ಪೂರ್ತಿ ಪ್ರಮಾಣದಲ್ಲಿ ಕೊಡ್ತೀವಿ. ಒಂದೇ ಷರತ್ತು. ಈ ಸಲ ನಿಮ್ಮ ಊಟ ಆಸ್ಪತ್ರೆಯಿಂದ ಬರುತ್ತೆ, ಮೂರು ಹೊತ್ತೂ. ಅದನ್ನ ಬಿಟ್ಟು ಬೇರೇನೂ ತಿನ್ನೋ ಹಾಗಿಲ್ಲ. ನಿಮ್ಮದನ್ನ ಯಾರಿಗೂ ಕೊಡೋ ಹಾಗಿಲ್ಲ. ಏನು ತಿಂತೀರೋ ಅದರ ಮೇಲೇ ಆ ಜೀವಿಗಳು ಬದುಕೋದು, ಅದಕ್ಕೆ.”

“ಪಾತ್ರೆ ಹತ್ರ ಕೂರಬಹುದಾ?”

“ಕೂರಬಹುದು. ಅದಕ್ಕೆ ಏನೂ ಹಾಕಬಾರದು, ಅದರಿಂದ ಏನೂ ತಗೋಬಾರದು.”

“ಈ ಕಾಗದದಲ್ಲಿ ಇನ್ನೂ ಐದು ಹೆಸರು ಬರೆಯೋಕಾಗಲ್ವಾ?”

“ಅವರನ್ನ ಇಟ್ಟುಕೊಳ್ಳೋಕೆ ನನಗೆ ಕಾರಣ ಇಲ್ಲಮ್ಮ. ಇದ್ದಿದ್ರೆ ಬರೀತಿದ್ದೆ.”

ಗೆರೆಯಕ್ಕ ಕಾಗದ ಇಸಿದುಕೊಂಡಳು. ಅವಳಿಗೆ ನಿಧಾನವಾಗಿ ಓದಲು ಬರುತ್ತಿತ್ತು. ಬೆರಳಿಟ್ಟು, ತುಟಿ ಅಲುಗಿಸುತ್ತ, ಮೊದಲಿಂದ ಓದತೊಡಗಿದಳು. ತನ್ನ ವಯಸ್ಸು ಬರೆದಿದ್ದ ಕಡೆ ಬೆರಳು ನಿಂತಿತು. ಬಿಳಿ ಹಾಳೆಯಿಂದ ಎದ್ದ ಬೆಳಕು ಅವಳ ಗಲ್ಲದ ಕೆಳಗೆ ಬಿದ್ದಿತ್ತು.

“ತಗೋ ಅತ್ತಿಗೆ,” ಎಂದಳು ನಾದಿನಿ. “ಏನ್ ನೋಡ್ತೀಯ? ಬಿಟ್ಟಿ ಊಟ, ಅದೂ ಮನೆ ಬಾಗಿಲಿಗೆ. ನಿನ್ನ ಪಾಲು ನಾನುಣ್ತೀನಿ, ನಾಲ್ಕು ದಿನದಲ್ಲಿ ಪೀಪಾಯಿ ಆಗ್ತೀನಿ.”

ಗೆರೆಯಕ್ಕ ತಲೆ ಎತ್ತಲಿಲ್ಲ. ನಾದಿನಿಯ ದನಿ ಬದಲಾಯಿತು.

“ಹೋದ ವರ್ಷ ದೊಡ್ಡಮ್ಮನ್ನ ಕಳಿಸ್ದಾಗ ನೀನು ಪಕ್ಕದಲ್ಲೇ ನಿಂತಿದ್ದೆ. ಅವನು ನಿನ್ನ ಮುಖಾನೂ ನೋಡಿದ, ಎರಡು ಸಲ ನೋಡಿದ. ನಾನು ನೋಡ್ತಿದ್ದೆ. ಈ ಸಲ ನಿನ್ನ ಬಿಡಲ್ಲ ಅತ್ತಿಗೆ ಅವನು. ನಿನ್ನನ್ನ ಕಳಿಸಿದ್ರೆ ದಾರದ ಆ ತುದಿ ಯಾರು ಹಿಡೀತಾರೆ? ತಗೋ. ನಾವೇನೂ ಅಂದ್ಕೊಳ್ಳಲ್ಲ.”

ಉಳಿದ ನಾಲ್ವರೂ ಅದನ್ನೇ ಹೇಳಿದರು. ತಗೋ, ತಗೋ ಅಕ್ಕ. ಅಚ್ಚಿನವಳು ಹೇಳಲಿಲ್ಲ. ಹೇಳುವ ಹಕ್ಕು ತನಗಿಲ್ಲ ಎಂದುಕೊಂಡಳು. ಆದರೆ ಅವಳ ಬೆರಳುಗಳು ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದವು. ತೆಗೆದುಕೊಳ್ಳಲಿ, ತೆಗೆದುಕೊಳ್ಳಲಿ ಎಂದು ಮನಸ್ಸು ಗೋಗರೆಯುತ್ತಿತ್ತು.

ಗೆರೆಯಕ್ಕ ಕೊನೆಯ ಸಾಲಿನವರೆಗೂ ಓದಿದಳು. ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಡಾಕ್ಟರ ಕೈಗೆ ಕೊಟ್ಟಳು.

“ಬೇಡ.”

“ಅವಸರ ಮಾಡಬೇಡಿ ಅಮ್ಮ. ನಾಳೆ ಒಂದು ದಿನ ಇದೆ, ಯೋಚನೆ ಮಾಡಿ.”

“ಯೋಚನೆ ಮಾಡಾಯ್ತು ಡಾಕ್ಟ್ರೇ. ನಾನು ಬೇರೆ ಉಣ್ಣಲ್ಲ.”